ಅಂಗಡಿ ಬೆಕ್ಕು ಸೀನಿದರೆ ತಟ್ಟೆ ನೋಡಿ

ಕುಂಬ್ರ: ಪುತ್ತೂರಿನಿಂದ ಸುಳ್ಯಕ್ಕೆ ಹೊರಟ ಬಸ್ಸು ಕುಂಬ್ರ ಪೇಟೆಯಲ್ಲಿ ನಿಂತಾಗ ಒಮ್ಮೆ ಅಂಗಡಿ ಸಾಲಿನ ಕಡೆ ಕಣ್ಣು ಹಾಯಿಸಿ. ಅಕ್ಕಿ ಮೂಟೆಯ ಮೇಲೋ, ತಕ್ಕಡಿಯ ಪಕ್ಕದಲ್ಲೋ, ಗಲ್ಲಾಪೆಟ್ಟಿಗೆಯ ಅಡಿಯಲ್ಲೋ ಒಂದು ಬೆಕ್ಕು ಸುರುಟಿ ಮಲಗಿರುತ್ತದೆ. ಅದಕ್ಕೆ ಸಂಬಳವಿಲ್ಲ, ವಾರದ ರಜೆಯಿಲ್ಲ, ಇರುವುದು ರಾತ್ರಿಪಾಳಿ ಮಾತ್ರ. ಇಲಿ ಒಂದು ಮೂಟೆಗೆ ತೂತು ಕೊರೆದರೆ ಎಷ್ಟು ನಷ್ಟವೆಂದು ದಿನಸಿ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಮೇಲೆ ಮಳೆಗಾಲ ಬಂತೆಂದರೆ ಇಲಿಜ್ವರದ ಹೆದರಿಕೆ ಬೇರೆ. ಹಾಗಾಗಿ ಅಂಗಡಿ ಬೆಕ್ಕೆಂದರೆ ಅಲಂಕಾರದ ಪ್ರಾಣಿಯಲ್ಲ, ಕೆಲಸದ ಆಳು.

ಇಂಥ ಆಳು ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ‘ಆಕ್ಷಿ’ ಎನ್ನುತ್ತದೆ. ಒಂಟಿ ಸೀನಾದರೆ ಬೋಣಿಗೆ ಕೆಟ್ಟಿತೆಂದು ಮುಖ ಹುಳಿ ಮಾಡುವವರುಂಟು. ಜೋಡಿ ಸೀನಾದರೆ ಪರವಾಗಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರೂ ಉಂಟು. ಬೆಕ್ಕಿನ ಮೂಗಿನಲ್ಲಿ ಏನಾಗಿದೆಯೆಂದು ಬಗ್ಗಿ ನೋಡುವವರು ಮಾತ್ರ ಕಡಿಮೆ. ‘ಎಂತ ಮಾರಾಯ್ರೇ, ಪುಚ್ಚೆಗೂ ಶೀತವಾ?’ ಎಂದು ನಗುವುದೇ ಹೆಚ್ಚು.

ಶೀತ ಉಂಟು, ಸ್ವಾಮಿ. ಮನುಷ್ಯರಿಗೆ ಆಗುವ ಹಾಗೆಯೇ ಬೆಕ್ಕಿಗೂ ಆಗುತ್ತದೆ. ಅದರಿಂದ ಬೆಕ್ಕು ಸಾಯುವುದು ಅಪರೂಪ. ಆದರೆ ಎರಡು ದಾರಿಯಲ್ಲಿ ಸಾಯುವುದುಂಟು. ಒಂದು, ಅನ್ನ ಬಿಟ್ಟು ಸೊರಗಿ. ಇನ್ನೊಂದು, ಮನೆಯವರೇ ಪ್ರೀತಿಯಿಂದ ಕೊಟ್ಟ ಮಾತ್ರೆ ನುಂಗಿ. ಎರಡನ್ನೂ ತಡೆಯುವುದು ಸಾಕಿದವರ ಕೈಯಲ್ಲೇ ಇದೆ.

ಧೂಳಿನ ಸೀನು

ಮೊದಲು ಸುಲಭದ್ದನ್ನು ನೋಡುವ. ದಿನಕ್ಕೆ ಒಂದೆರಡು ಸಲ ಸೀನಿ, ಮೂಗು ನೆಕ್ಕಿಕೊಂಡು, ಮತ್ತೆ ಎಂದಿನಂತೆ ಮೀನಿನ ತಲೆಗೆ ಕಾದು ಕೂರುವ ಬೆಕ್ಕಿಗೆ ಏನೂ ಆಗಿಲ್ಲ. ಮೂಗಿಗೆ ಧೂಳು ಹೋಗಿದೆ, ಅದನ್ನು ಹೊರಗೆ ಹಾಕಿದೆ, ಅಷ್ಟೇ. ಸೀನು ಎಂಬುದು ಮೂಗಿನ ಕಸಬರಿಕೆ.

ನಮ್ಮ ಕಡೆ ಧೂಳಿಗೇನು ಬರವೇ? ಮಾಣಿ-ಮೈಸೂರು ಹೆದ್ದಾರಿಯಲ್ಲಿ ಬೇಸಗೆಯಿಡೀ ಲಾರಿ ಬಸ್ಸುಗಳು ಎಬ್ಬಿಸುವ ಧೂಳು ಅಂಗಡಿ ಒಳಗೇ ಬರುತ್ತದೆ. ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿ ಮೂಗಿಟ್ಟುಕೊಂಡು ಓಡಾಡುವ ಪ್ರಾಣಿಗೆ ಅದರ ದೊಡ್ಡ ಪಾಲು ಸಲ್ಲುತ್ತದೆ. ಅಡಿಕೆ ಸುಲಿಯುವ ಮನೆಗಳಲ್ಲಿ ಸಿಪ್ಪೆಯ ನವಿರು ಧೂಳು ಜಗಲಿಯಿಡೀ ಹಾರುತ್ತದೆ. ಬೆಕ್ಕಿಗೋ, ಬೆಚ್ಚಗಿನ ಆ ಸಿಪ್ಪೆ ರಾಶಿಯ ಮೇಲೇ ಮಲಗಬೇಕು. ಹಿಟ್ಟಿನ ಗಿರಣಿ, ಮೆಣಸಿನ ಪುಡಿಯ ಡಬ್ಬಿ, ಸಿಮೆಂಟ್ ಮೂಟೆಗಳ ಗೋದಾಮು ಎಲ್ಲವೂ ಸೀನು ತರಿಸುವ ಜಾಗಗಳೇ.

ಹೊಗೆಯದು ಇನ್ನೊಂದು ಕತೆ. ಸೌದೆ ಒಲೆ, ರಬ್ಬರ್ ಶೀಟು ಒಣಗಿಸುವ ಹೊಗೆಗೂಡು, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡಿನ ಘಾಟು, ಕೆಲವು ಕಡೆ ಅಡಿಕೆಗೆ ಹಾಕುವ ಗಂಧಕದ ಹೊಗೆ, ಇವೆಲ್ಲ ನಮ್ಮ ಮೂಗಿಗೇ ಕಷ್ಟ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು. ಬಾಗಿಲು ಮುಚ್ಚಿದ ಅಂಗಡಿಯಲ್ಲಿ ರಾತ್ರಿಯಿಡೀ ಸೊಳ್ಳೆ ಬತ್ತಿ ಉರಿಸಿ ಬೆಕ್ಕನ್ನೂ ಒಳಗೇ ಬಿಟ್ಟು ಹೋಗುವುದು ಬೇಡ. ಬೆಳಿಗ್ಗೆ ದೇವರ ಪಟಕ್ಕೆ ಹಚ್ಚುವ ಊದುಬತ್ತಿಯೂ ಕೆಲವು ಬೆಕ್ಕಿಗೆ ಆಗದು. ಊದುಬತ್ತಿ ಬಿಡಿ ಎಂದು ಯಾರೂ ಹೇಳುವುದಿಲ್ಲ. ಬೆಕ್ಕು ಮಲಗುವ ಮೂಲೆಯಿಂದ ನಾಲ್ಕು ಮಾರು ದೂರ ಇಟ್ಟರಾಯಿತು.

ಫಿನಾಯಿಲಿನ ಮಾತು ಬೇರೆ. ಅದು ಸೀನಿಗಷ್ಟೇ ನಿಲ್ಲುವುದಿಲ್ಲ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ಪಾದ ನೆಕ್ಕುತ್ತದೆ. ಫಿನಾಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಅಂಗಡಿಗೆ ಫಿನಾಯಿಲ್ ಹಾಕಿದ ದಿನ ನೆಲ ಚೆನ್ನಾಗಿ ಆರುವ ತನಕ ಬೆಕ್ಕು ಹೊರಗಿರಲಿ.

ಧೂಳು ಹೊಗೆಯ ಸೀನಿಗೆ ಒಂದು ಗುರುತು ಉಂಟು. ಕಾರಣ ತೆಗೆದರೆ ಒಂದೆರಡು ದಿನದಲ್ಲಿ ಸೀನು ನಿಲ್ಲುತ್ತದೆ. ಮೂಗಿನಲ್ಲಿ ನೀರು ಬಂದರೂ ತಿಳಿಯಾಗಿರುತ್ತದೆ, ಕಣ್ಣು ಸ್ವಚ್ಛ ಇರುತ್ತದೆ, ಹೊಟ್ಟೆಗೆ ಕಮ್ಮಿಯಾಗುವುದಿಲ್ಲ.

ಶೀತವೆಂದರೆ ಯಾವ ಶೀತ?

ಎಡೆಬಿಡದೆ ಸೀನು, ಕಣ್ಣಲ್ಲಿ ನೀರು, ಮೂಗು ಕಟ್ಟಿದ ಗೊರಗೊರ ಸದ್ದು, ಮೈ ಬಿಸಿ ಇದ್ದರೆ ಅದು ವೈರಸ್ಸಿನ ಶೀತ. ಹೆಚ್ಚಿನ ಸಂದರ್ಭದಲ್ಲಿ ಕಾರಣ ಎರಡೇ ವೈರಸ್ಸುಗಳು: ಬೆಕ್ಕಿನ ಹರ್ಪಿಸ್ ವೈರಸ್ ಮತ್ತು ಕ್ಯಾಲಿಸಿ ವೈರಸ್. ಕ್ಯಾಲಿಸಿಯನ್ನು ಮೊದಲು ಬೇರ್ಪಡಿಸಿದ್ದು 1957ರಲ್ಲಿ ನ್ಯೂಜಿಲೆಂಡಿನಲ್ಲಿ. ಹರ್ಪಿಸನ್ನು ಮರುವರ್ಷ 1958ರಲ್ಲಿ ಅಮೆರಿಕದಲ್ಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ 1958ರಲ್ಲಿ. ಅಂದರೆ ಬೆಕ್ಕಿನ ಶೀತಕ್ಕೆ ಒಂದು ಹೆಸರು ಸಿಕ್ಕಿದ್ದೇ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ. ಅದಕ್ಕೂ ಮೊದಲು ಬೆಕ್ಕು ಸೀನುತ್ತಿರಲಿಲ್ಲವೇ ಎಂದು ಕೇಳಬೇಡಿ. ಸೀನುತ್ತಿತ್ತು, ಲೆಕ್ಕಕ್ಕೆ ಇರಲಿಲ್ಲ.

ಈ ಹರ್ಪಿಸ್ ಎಂಬುದು ಬಲೇ ಮೊಂಡ. ಒಮ್ಮೆ ಹೊಕ್ಕಿತೆಂದರೆ ಬಹುಪಾಲು ಬೆಕ್ಕುಗಳಲ್ಲಿ ಜೀವಮಾನವಿಡೀ ಉಳಿಯುತ್ತದೆ. ಮುಖದ ನರದ ಗಂಟಿನಲ್ಲಿ ಸುಮ್ಮನೆ ಮಲಗಿರುತ್ತದೆ. ಬೆಕ್ಕಿಗೆ ಯಾವುದೋ ಗಾಬರಿಯಾದಾಗ ಎದ್ದು ಬರುತ್ತದೆ. ಮನೆ ಬದಲಾಯಿಸಿದರೆ, ಹೊಸ ನಾಯಿ ಬಂದರೆ, ಮರಿ ಹಾಕಿದರೆ, ಮದುವೆ ಮನೆಯ ಗಲಾಟೆಯಾದರೆ ಸುಮಾರು ವಾರ ಕಳೆದು ಮತ್ತೆ ಸೀನು ಶುರು. ‘ನಮ್ಮ ಬೆಕ್ಕಿಗೆ ವರ್ಷಕ್ಕೆ ನಾಲ್ಕು ಸಲ ಶೀತ’ ಎನ್ನುವವರ ಮನೆಯಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಇದೇ.

ಕ್ಯಾಲಿಸಿಯ ಗುರುತು ಬಾಯಿಯಲ್ಲಿ. ನಾಲಿಗೆಯ ಮೇಲೆ ಹುಣ್ಣು, ಜೊಲ್ಲು, ಕೆಲವೊಮ್ಮೆ ಕುಂಟು ನಡಿಗೆ. ಕಣ್ಣು ಕೆಂಪಾಗಿ ಊದಿ ಸೀನು ಕಡಿಮೆ ಇದ್ದರೆ ಕ್ಲಮೀಡಿಯ ಎಂಬ ಬ್ಯಾಕ್ಟೀರಿಯವೂ ಇರಬಹುದು. ಅದು ಮೊದಲು ಒಂದು ಕಣ್ಣಿಗೆ ಬಂದು ಆಮೇಲೆ ಇನ್ನೊಂದಕ್ಕೆ ಹೋಗುವುದು ಸಾಮಾನ್ಯ.

ಇದೆಲ್ಲ ಹರಡುವುದು ಹೇಗೆ? ಎದುರು ಬದುರು ಸೀನಿದರೆ, ಒಂದೇ ತಟ್ಟೆ ನೆಕ್ಕಿದರೆ, ಒಂದೇ ಗೋಣಿಯಲ್ಲಿ ಮಲಗಿದರೆ. ಶೀತವಾದ ಬೆಕ್ಕನ್ನು ಸವರಿದ ಕೈಯಲ್ಲೇ ಮರಿಯನ್ನು ಎತ್ತಿದರೂ ಆಯಿತು. ಮನೆಯಲ್ಲಿ ಬೇಡವಾದ ಮರಿಗಳನ್ನು ರಾತ್ರೋರಾತ್ರಿ ಗೋಣಿಯಲ್ಲಿ ತಂದು ಮೀನಿನ ಅಂಗಡಿಯ ಹತ್ತಿರ ಬಿಟ್ಟು ಹೋಗುವ ಪುಣ್ಯಾತ್ಮರು ನಮ್ಮಲ್ಲಿ ಕಡಿಮೆಯಿಲ್ಲ. ಮೀನು ಸಿಗುತ್ತದೆ, ಬದುಕಿಕೊಳ್ಳುತ್ತದೆ ಎಂಬ ಲೆಕ್ಕ. ತಾಯಿ ಬಿಟ್ಟ, ಹೊಟ್ಟೆಗಿಲ್ಲದ, ಮಳೆಯಲ್ಲಿ ನೆಂದ ಹತ್ತು ಮರಿ ಒಂದೇ ಕಡೆ ಸೇರಿದರೆ ವೈರಸ್ಸಿಗೆ ಅದಕ್ಕಿಂತ ಒಳ್ಳೆಯ ಸಂತೆ ಬೇಕೇ? ಅಲ್ಲಿಂದ ಹೊರಟದ್ದು ಅಂಗಡಿ ಬೆಕ್ಕಿಗೆ, ಅಂಗಡಿಯಿಂದ ಮನೆ ಬೆಕ್ಕಿಗೆ.

ಮನುಷ್ಯರು ಹೆದರಬೇಕಾಗಿಲ್ಲ. ಈ ಎರಡು ವೈರಸ್ಸೂ ನಮಗೆ ಅಂಟುವುದಿಲ್ಲ, ನಮ್ಮ ಶೀತದ ವೈರಸ್ಸುಗಳು ಬೇರೆ. ಆದರೆ ಕೋಳಿ ಅಂಗಡಿಯವರು ಒಂದು ವಿಷಯ ನೆನಪಿಡಬೇಕು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಸಾಕು ಬೆಕ್ಕುಗಳಿಗೆ ಹಕ್ಕಿಜ್ವರ ತಗಲಿದ್ದು ದೃಢಪಟ್ಟಿತ್ತು. ಹಸಿ ಕೋಳಿಯ ಕರುಳು, ಚರ್ಮವನ್ನು ಬೆಕ್ಕಿಗೆ ಎಸೆಯುವ ಅಭ್ಯಾಸ ಬಿಟ್ಟು ಬೇಯಿಸಿ ಹಾಕುವುದು ಒಳ್ಳೆಯದು. ಕೋಳಿ ಸತ್ತ ಊರಿನಲ್ಲಿ ಬೆಕ್ಕು ಸೀನಿ, ಏದುಸಿರು ಬಿಟ್ಟು, ತೂರಾಡಿದರೆ ಮುಟ್ಟಲು ಹೋಗದೆ ಪಶುವೈದ್ಯರಿಗೆ ತಿಳಿಸಬೇಕು.

ಮೂಗು ಕಟ್ಟಿದರೆ ಅನ್ನ ಬೇಡ

ಈಗ ಮುಖ್ಯ ವಿಷಯಕ್ಕೆ ಬರುವ. ಬೆಕ್ಕು ಊಟ ಮಾಡುವುದು ಮೂಗಿನಿಂದ. ನಾಲಿಗೆಗೆ ರುಚಿ ಹತ್ತುವ ಮೊದಲು ಮೂಗು ಒಪ್ಪಿಗೆ ಕೊಡಬೇಕು. ಮೂಗು ಕಟ್ಟಿತೋ, ಎದುರಿಗೆ ಬಂಗುಡೆಯ ತುಂಡು ಇಟ್ಟರೂ ಅದು ಮರದ ತುಂಡಿನ ಹಾಗೆ ಕಾಣುತ್ತದೆ. ಮೂಸುತ್ತದೆ, ತಿರುಗಿ ಹೋಗುತ್ತದೆ. ‘ಸೊಕ್ಕು, ಹಸಿದರೆ ತಿನ್ನುತ್ತದೆ’ ಎಂದು ನಾವು ಬಿಟ್ಟುಬಿಡುತ್ತೇವೆ. ಅದು ಸೊಕ್ಕಲ್ಲ.

ನಾಯಿ ಎರಡು ದಿನ ಉಪವಾಸ ಬಿದ್ದು ಎದ್ದೀತು. ಬೆಕ್ಕಿನ ದೇಹ ಹಾಗಿಲ್ಲ. ಹೊಟ್ಟೆಗೆ ಬೀಳದಿದ್ದಾಗ ಅದು ಮೈಯ ಕೊಬ್ಬನ್ನು ಕರಗಿಸಿ ಲಿವರಿಗೆ ಕಳುಹಿಸುತ್ತದೆ. ಅಷ್ಟನ್ನು ತಡೆದುಕೊಳ್ಳಲಾರದೆ ಲಿವರೇ ಕೊಬ್ಬು ತುಂಬಿ ಕೆಲಸ ನಿಲ್ಲಿಸುತ್ತದೆ. ಕಣ್ಣು, ವಸಡು ಹಳದಿಯಾಗುತ್ತದೆ. ಕೆಲವೇ ದಿನಗಳ ಉಪವಾಸ ಸಾಕು. ಅದರಲ್ಲೂ ಗುಂಡಗೆ ಕೊಬ್ಬಿದ ಬೆಕ್ಕಿಗೆ ಅಪಾಯ ಹೆಚ್ಚು. ಶೀತದಿಂದ ಸಾಯದ ಬೆಕ್ಕು ಹೀಗೆ ಸಾಯುತ್ತದೆ.

ಆದ್ದರಿಂದ ಸೀನು ಎಷ್ಟೆಂದು ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ತಟ್ಟೆ ನೋಡಬೇಕು. ಸೀನುತ್ತದೆ, ತಿನ್ನುತ್ತದೆ ಎಂದಾದರೆ ಮನೆಯಲ್ಲೇ ಆರೈಕೆ ಮಾಡಿ ಕಾಯಬಹುದು. ಸಾಮಾನ್ಯ ಶೀತ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. ಸೀನುತ್ತದೆ, ಇಡೀ ಒಂದು ದಿನ ಏನೂ ತಿಂದಿಲ್ಲ ಎಂದಾದರೆ ಮರುದಿನ ಬೆಳಿಗ್ಗೆ ಪುತ್ತೂರಿನ ಬಸ್ಸು ಹತ್ತಬೇಕು. ಮರಿಯಾದರೆ ಅಷ್ಟೂ ಕಾಯುವ ಹಾಗಿಲ್ಲ. ಎರಡು ಮೂರು ತಿಂಗಳೊಳಗಿನ ಮರಿ ಒಂದೆರಡು ಹೊತ್ತು ಹಾಲು ಅನ್ನ ಬಿಟ್ಟರೆ ಸೋತುಹೋಗುತ್ತದೆ.

ಆರೈಕೆ ಎಂದರೆ ಎಂತ? ದೊಡ್ಡ ವಿದ್ಯೆಯೇನಲ್ಲ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹತ್ತಿ ಅದ್ದಿ, ಮೂಗು ಕಣ್ಣಿನ ಅಂಟು ಒರೆಸುವುದು. ಎರಡು ಕಣ್ಣಿಗೂ ಬೇರೆ ಬೇರೆ ಹತ್ತಿ. ಮೂಗು ಬಿಡಿಸಲು ಹಬೆ ಬಹಳ ಒಳ್ಳೆಯದು. ನಮ್ಮ ಕಡೆ ಬಚ್ಚಲು ಮನೆಯ ಹಂಡೆ ಇರುವಾಗ ಬೇರೆ ಯಂತ್ರ ಬೇಕಾಗಿಲ್ಲ. ಸ್ನಾನ ಮುಗಿಸಿ ಹಬೆ ತುಂಬಿದ ಬಚ್ಚಲಿನಲ್ಲಿ ಬೆಕ್ಕನ್ನು ಹತ್ತು ಹದಿನೈದು ನಿಮಿಷ ಜತೆಯಲ್ಲಿ ಕೂರಿಸಿಕೊಳ್ಳಬೇಕು. ದಿನಕ್ಕೆ ಎರಡು ಸಲ. ಹಬೆ ಇರಲಿ, ಒಲೆಯ ಹೊಗೆ ಬೇಡ. ಹೊಗೆ ಕವಿದ ಬಚ್ಚಲಾದರೆ ಉಪಕಾರಕ್ಕಿಂತ ಅಪಕಾರವೇ. ಬಿಸಿ ನೀರಿನ ಪಾತ್ರೆಗೆ ಬೆಕ್ಕಿನ ತಲೆ ಬಗ್ಗಿಸಿ ಹಿಡಿಯುವ ಸಾಹಸಕ್ಕೂ ಯಾರೂ ಇಳಿಯಬಾರದು. ಬೆಕ್ಕಿಗೂ ಸುಡುತ್ತದೆ, ಹಿಡಿದವರ ಮುಖಕ್ಕೂ ಗೀರು ಬೀಳುತ್ತದೆ.

ಊಟವನ್ನು ಸ್ವಲ್ಪ ಬಿಸಿ ಮಾಡಿ ಕೊಡಬೇಕು. ಬೆರಳಿಗೆ ಬೆಚ್ಚಗೆ ಎನಿಸುವಷ್ಟು ಸಾಕು, ವಾಸನೆ ಏಳುತ್ತದೆ. ಬೇಯಿಸಿ ಮುಳ್ಳು ತೆಗೆದ ಬೂತಾಯಿ, ಬಂಗುಡೆ ಎಂದರೆ ಕಟ್ಟಿದ ಮೂಗನ್ನೂ ಸೀಳಿಕೊಂಡು ಹೋಗುವ ಪರಿಮಳ. ಒಣಮೀನು ಕೊಡುವುದಾದರೆ ಬೇಯಿಸಿ ಉಪ್ಪು ನೀರು ಚೆಲ್ಲಬೇಕು. ಮೀನು ಒಳಗೆ ತರದ ಮನೆಯವರು ಪೇಟೆಯಲ್ಲಿ ಸಿಗುವ ಬೆಕ್ಕಿನ ಆಹಾರದ ಒದ್ದೆ ಪೊಟ್ಟಣ ತರಬಹುದು. ಬರೀ ಹಾಲನ್ನು ನಂಬುವುದು ಬೇಡ. ಎಷ್ಟೋ ಬೆಳೆದ ಬೆಕ್ಕುಗಳಿಗೆ ದನದ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕಿಗೂ ಹಾಲಿಗೂ ಇರುವ ನಂಟು ಕತೆಗಳಲ್ಲಿ ಇದ್ದಷ್ಟು ಹೊಟ್ಟೆಯಲ್ಲಿ ಇಲ್ಲ.

ಡ್ರಾವರಿನಲ್ಲಿರುವ ವಿಷ

ಇಲ್ಲಿ ಪ್ರತಿಯೊಬ್ಬರೂ ನಿಂತು ಓದಬೇಕು. ಅಂಗಡಿಯ ಡ್ರಾವರಿನಲ್ಲಿ, ಮನೆಯ ಕಪಾಟಿನಲ್ಲಿ ಜ್ವರದ ಮಾತ್ರೆ ಇದ್ದೇ ಇರುತ್ತದೆ. ಪ್ಯಾರಾಸಿಟಮಾಲ್. ಮಗುವಿಗೂ ಕೊಡುತ್ತೇವೆ, ಮುದುಕರಿಗೂ ಕೊಡುತ್ತೇವೆ. ‘ಪಾಪ, ಬೆಕ್ಕಿಗೆ ಅರ್ಧ ಕೊಡುವ’ ಎಂದು ಹಾಲಿನಲ್ಲಿ ಕರಗಿಸಿ ಕೊಟ್ಟರೆ ಆ ಬೆಕ್ಕು ಬದುಕುವುದು ಕಷ್ಟ.

ಕಾರಣ ಇಷ್ಟು. ನಮ್ಮ ಲಿವರಿನಲ್ಲಿ ಈ ಮಾತ್ರೆಯನ್ನು ನಿರುಪದ್ರವಿ ಮಾಡಿ ಹೊರಗೆ ಕಳುಹಿಸುವ ಕಿಣ್ವ ಧಾರಾಳವಾಗಿ ಇದೆ. ಬೆಕ್ಕಿಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮಾತ್ರೆ ಅದರ ಮೈಯಲ್ಲಿ ವಿಷವಾಗಿ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ಕೆಟ್ಟ ರಕ್ತ ಉಸಿರನ್ನು ಒಯ್ಯಲಾರದು. ಕೆಲವೇ ತಾಸಿನಲ್ಲಿ ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತದೆ, ಏದುಸಿರು ಬರುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ 500 ಮಿಲಿಗ್ರಾಮಿನ ಒಂದು ಮಾತ್ರೆ ಪ್ರಾಣ ತೆಗೆಯಲು ಬೇಕಾದಷ್ಟಾಯಿತು. ಮಕ್ಕಳ ಶೀತದ ಸಿರಪ್ಪಿನಲ್ಲೂ ಹಲವು ಬಾರಿ ಇದೇ ಪ್ಯಾರಾಸಿಟಮಾಲ್ ಇರುತ್ತದೆ, ಮೂಗು ಬಿಡಿಸುವ ಇನ್ನೊಂದೆರಡು ಔಷಧವೂ ಇರುತ್ತದೆ. ಅವೂ ಬೆಕ್ಕಿಗೆ ಆಗವು.

ಗೊತ್ತಿಲ್ಲದೆ ಕೊಟ್ಟಾಗಿದೆ ಎಂದರೆ ಮುಚ್ಚಿಡಬಾರದು. ಪಶುವೈದ್ಯರಿಗೆ ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ಎಂದು ನೇರವಾಗಿ ಹೇಳಬೇಕು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಉಂಟು. ಎಷ್ಟು ಬೇಗ ಕೊಟ್ಟರೆ ಅಷ್ಟು ಆಸೆ. ಬೈಗುಳಕ್ಕೆ ಹೆದರಿ ‘ಏನೂ ಕೊಟ್ಟಿಲ್ಲ’ ಎಂದು ಸಾಧಿಸಿದರೆ ಡಾಕ್ಟರು ಶೀತಕ್ಕೇ ಮದ್ದು ಮಾಡುತ್ತಾ ಕೂರಬೇಕಾಗುತ್ತದೆ.

ಮೂಗಿಗೆ ಹಚ್ಚುವ ಮುಲಾಮು, ಕರ್ಪೂರ, ನೀಲಗಿರಿ ಎಣ್ಣೆಯದ್ದೂ ಇದೇ ಜಾತಿಯ ಕತೆ. ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಇನ್ನು ಕಣ್ಣಿನ ಹನಿ. ಯಾರಿಗೋ ಪೊರೆಯ ಆಪರೇಷನ್ ಆದಾಗ ತಂದ ಹಳೇ ಬಾಟಲಿಯನ್ನು ಬೆಕ್ಕಿನ ಕಣ್ಣಿಗೆ ಬಿಡುವುದುಂಟು. ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಹರ್ಪಿಸಿನಿಂದ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿದ್ದರೆ ಸ್ಟೀರಾಯ್ಡ್ ಅದನ್ನು ಇನ್ನೂ ಆಳ ಮಾಡುತ್ತದೆ, ಕಣ್ಣೇ ಹೋಗಬಹುದು.

ಇಂಥದ್ದಕ್ಕೆ ಕಾಯಬಾರದು

ಊಟ ಬಿಟ್ಟದ್ದು ಮೊದಲ ಗುರುತಾಯಿತು. ಅದಕ್ಕಿಂತ ಅವಸರದ್ದು ಉಸಿರು. ಬೆಕ್ಕು ಬಾಯಿ ತೆರೆದು ಉಸಿರಾಡುವ ಪ್ರಾಣಿಯಲ್ಲ. ಸುಮ್ಮನೆ ಕೂತ ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುತ್ತಿದ್ದರೆ ಅಂಗಡಿ ಅರ್ಧಕ್ಕೆ ಬಿಟ್ಟಾದರೂ ಹೊರಡಬೇಕು. ಮಲಗಿದ ಬೆಕ್ಕಿನ ಪಕ್ಕೆಲುಬು ನೋಡಿ, ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಬಹುದು. ಮೂವತ್ತರ ಒಳಗಿದ್ದರೆ ಸಮಾಧಾನ. ನಲವತ್ತು ದಾಟಿದರೆ ಡಾಕ್ಟರು. ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದೆ ಚಾಚಿ ಕೆಮ್ಮುವುದನ್ನು ಕೆಲವರು ಸೀನೆಂದೇ ತಿಳಿಯುತ್ತಾರೆ. ಅದು ಹೊಟ್ಟೆಯಲ್ಲಿ ಸಿಕ್ಕಿದ ಕೂದಲುಂಡೆ ಇರಬಹುದು, ಉಬ್ಬಸವೂ ಇರಬಹುದು. ಪದೇ ಪದೇ ಆದರೆ ತೋರಿಸಬೇಕು.

ಮೂಗಿನಿಂದ ರಕ್ತ ಬಂದರೆ, ಹಳದಿ ಹಸಿರು ಗಟ್ಟಿ ಸಿಂಬಳ ಸುರಿದರೆ, ಕಣ್ಣು ಮುಚ್ಚಿಯೇ ಇದ್ದು ಕಾಲಿನಿಂದ ಉಜ್ಜಿಕೊಳ್ಳುತ್ತಿದ್ದರೆ ನಾಳೆಗೆ ಮುಂದೂಡುವುದು ಬೇಡ. ಹತ್ತು ದಿನ ಕಳೆದರೂ ಸೀನು ಇಳಿಯದಿದ್ದರೂ ಅಷ್ಟೇ.

ಒಂದೇ ಹೊಳ್ಳೆಯ ಕಾಟವನ್ನು ವಿಶೇಷವಾಗಿ ಗಮನಿಸಬೇಕು. ವೈರಸ್ಸಿನ ಶೀತ ಎರಡೂ ಹೊಳ್ಳೆಗೆ ಬರುತ್ತದೆ. ಹುಲ್ಲಿನಲ್ಲಿ ಆಡಿ ಬಂದ ಬೆಕ್ಕು ಏಕಾಏಕಿ ಇಪ್ಪತ್ತು ಮೂವತ್ತು ಸೀನು ಸೀನಿ, ಮುಂಗಾಲಿನಿಂದ ಮೂಗು ಕೆರೆದುಕೊಂಡರೆ ಒಳಗೆ ಹುಲ್ಲಿನ ಗರಿ ಸಿಕ್ಕಿರಬಹುದು. ಮಳೆಗಾಲದಲ್ಲಿ ತೋಡಿನ ನೀರು ಕುಡಿಯುವ ದನ, ನಾಯಿಗಳ ಮೂಗಿಗೆ ಜಿಗಣೆ ಹೊಕ್ಕುವುದು ಹಳ್ಳಿಯವರಿಗೆ ಹೊಸತಲ್ಲ. ರಕ್ತ ತೊಟ್ಟಿಕ್ಕುವ ಮೂಗಾದರೆ ಆ ಸಂಶಯವನ್ನೂ ಡಾಕ್ಟರಿಗೆ ಹೇಳಬಹುದು. ಮನೆಯಲ್ಲೇ ಚಿಮಟ ಹಿಡಿದು ಎಳೆಯಲು ಹೋಗಬಾರದು.

ವಯಸ್ಸಾದ ಬೆಕ್ಕಿನಲ್ಲಿ ಕಾರಣ ಹಲ್ಲೂ ಆಗಿರಬಹುದೆಂದರೆ ನಂಬುವವರು ಕಡಿಮೆ. ಮೇಲ್ದವಡೆಯ ಹಲ್ಲಿನ ಬೇರು ಮೂಗಿನ ಗೂಡಿಗೆ ತೀರಾ ಹತ್ತಿರ. ಬೇರು ಕೊಳೆತು ಕೀವಾದರೆ ಅದು ಮೂಗಿಗೆ ಒಡೆದು ಸೀನು ಬರುತ್ತದೆ. ಇಂಥ ಬೆಕ್ಕಿಗೆ ಎಷ್ಟು ಶೀತದ ಮದ್ದು ಹಾಕಿದರೂ ವ್ಯರ್ಥ, ಹಲ್ಲು ಕೀಳಿಸಬೇಕು. ಮೂಗಿನ ದಿಂಡು ಊದಿಕೊಂಡರೆ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೋ ಗಡ್ಡೆಯೋ ಇರಬಹುದು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರ ಅದು. ಇನ್ನು ಈಗೀಗ ದುಡ್ಡು ಕೊಟ್ಟು ತರುವ ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕುಗಳದ್ದು ಹುಟ್ಟಿನಿಂದಲೇ ಇಕ್ಕಟ್ಟಿನ ಮೂಗು. ಅವು ಸೀನುವುದು, ಗೊರಗುಟ್ಟುವುದು ಸ್ವಲ್ಪ ಹೆಚ್ಚೇ. ಅಂದಕ್ಕೆ ಮರುಳಾಗಿ ತಂದವರು ಆ ಸದ್ದಿಗೆ ಹೊಂದಿಕೊಳ್ಳಬೇಕು, ಎಂದಿಗಿಂತ ಹೆಚ್ಚಾದರೆ ತೋರಿಸಬೇಕು.

ಜೊಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಜೊಲ್ಲು ಸುರಿಸುವ ಬೆಕ್ಕಿಗೆ ಬಾಯಿ ಹುಣ್ಣೇ ಇರಬಹುದು. ಆದರೆ ಅದರ ಸ್ವಭಾವವೇ ಬದಲಾಗಿ, ಕಾರಣವಿಲ್ಲದೆ ಮೈಮೇಲೆ ಎರಗುತ್ತಿದ್ದರೆ ಬರಿಗೈಯಲ್ಲಿ ಬಾಯಿ ತೆರೆದು ನೋಡಲು ಹೋಗಬೇಡಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಕಚ್ಚಿದರೆ, ಪರಚಿ ರಕ್ತ ಬಂದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಮೊದಲು ಮನುಷ್ಯರ ಆಸ್ಪತ್ರೆಗೆ.

ಬಸ್ಸಿನಲ್ಲಿ ಬೆಕ್ಕು

ಕುಂಬ್ರದಿಂದ ಪುತ್ತೂರು ಹತ್ತು ಕಿಲೋಮೀಟರಿನ ಆಸುಪಾಸು. ತಾಲೂಕು ಪಶು ಆಸ್ಪತ್ರೆ ಅಲ್ಲಿದೆ. ಬೆಳ್ಳಾರೆ ಕಡೆಯವರಿಗೆ, ಜಾಲ್ಸೂರು ಕಡೆಯವರಿಗೆ ಸುಳ್ಯದ್ದು. ಪಶು ಆಸ್ಪತ್ರೆಯೆಂದರೆ ದನ ಎಮ್ಮೆಗೆ ಮಾತ್ರ ಎಂಬ ಭಾವನೆ ನಮ್ಮ ಜನರಲ್ಲಿ ಇನ್ನೂ ಗಟ್ಟಿಯಾಗಿದೆ. ಬೆಕ್ಕನ್ನು ಹಿಡಿದುಕೊಂಡು ಹೋಗಲು ನಾಚಿಕೆ ಪಡುವವರೂ ಉಂಟು. ನಾಚಿಕೆ ಯಾಕೆ? ಬೆಕ್ಕಿಗೂ ಅಲ್ಲಿ ಚೀಟಿ ಉಂಟು. ಕೊಯಿಲದ ಜಾನುವಾರು ಕ್ಷೇತ್ರದ ಜಾಗದಲ್ಲಿ ಪಶುವೈದ್ಯಕೀಯ ಕಾಲೇಜಿಗೆಂದು ದೊಡ್ಡ ದೊಡ್ಡ ಕಟ್ಟಡಗಳೇ ಎದ್ದಿರುವ ಸೀಮೆ ಇದು. ಮನೆ ಬಾಗಿಲಿಗೆ ಬರುವ ಪಶುವೈದ್ಯರ ವಾಹನಕ್ಕೆ 1962 ಎಂಬ ನಂಬರು ಇದೆ. ಅದರ ಮೊದಲ ಮರ್ಯಾದೆ ಹಟ್ಟಿಯ ಜಾನುವಾರಿಗೆ. ಆದರೂ ತುರ್ತಿನಲ್ಲಿ ಕೇಳಿ ನೋಡುವುದಕ್ಕೆ ಅಡ್ಡಿಯಿಲ್ಲ. ಹೊರಡುವ ಮೊದಲು ಆಸ್ಪತ್ರೆಗೆ ಫೋನು ಮಾಡಿ ಡಾಕ್ಟರು ಇದ್ದಾರೋ ಎಂದು ವಿಚಾರಿಸುವುದು ಜಾಣತನ. ಹಳ್ಳಿ ಕಡೆ ದನದ ಹೆರಿಗೆಗೆ ಹೋದವರು ಬರುವಾಗ ಮಧ್ಯಾಹ್ನವೂ ಆಗಬಹುದು.

ಒಯ್ಯುವುದು ಹೇಗೆಂಬುದೂ ಮುಖ್ಯ. ಬೆಕ್ಕನ್ನು ಗೋಣಿಗೆ ತುಂಬಿ ಬಾಯಿ ಕಟ್ಟುವುದು ನಮ್ಮ ಹಳೇ ಕ್ರಮ. ಮೂಗು ಕಟ್ಟಿದ ಬೆಕ್ಕನ್ನು ಹಾಗೆ ಕಟ್ಟಿದರೆ ಸಂಪ್ಯ ದಾಟುವ ಮೊದಲೇ ಉಸಿರು ನಿಂತೀತು. ಮುಚ್ಚಳದ ಬೆತ್ತದ ಬುಟ್ಟಿಯೋ, ಸುತ್ತ ತೂತು ಮಾಡಿದ ಗಟ್ಟಿ ರಟ್ಟಿನ ಪೆಟ್ಟಿಗೆಯೋ, ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟು ಎರಡನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿದ್ದೋ ಸಾಕು. ಒಳಗೆ ಅದು ಮಲಗುವ ಹಳೇ ಬಟ್ಟೆ ಹಾಕಿದರೆ ಸುಮ್ಮನಿರುತ್ತದೆ. ಕಂಡಕ್ಟರಿಗೆ ಹತ್ತುವಾಗಲೇ ಹೇಳಿ, ಹಿಂದಿನ ಸೀಟಿನಲ್ಲಿ ಕಾಲಡಿ ಇಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ. ಶಾಲೆ ಮಕ್ಕಳ ಗದ್ದಲದ ಬಸ್ಸು ಬಿಟ್ಟು ಮುಂದಿನದಕ್ಕೆ ಹೋಗುವುದು ಲೇಸು.

ಇನ್ನೊಂದು ಉಪಾಯ. ಮನೆಯಲ್ಲಿ ಎಡೆಬಿಡದೆ ಸೀನುವ ಬೆಕ್ಕು ಡಾಕ್ಟರ ಮೇಜಿನ ಮೇಲೆ ಹೆದರಿ ಒಂದೂ ಸೀನುವುದಿಲ್ಲ. ಇದು ಎಲ್ಲರ ಅನುಭವ. ಅದಕ್ಕೆ ಮೊದಲೇ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ಹಿಡಿದಿಟ್ಟುಕೊಳ್ಳಿ. ಸೀನು ಶುರುವಾದ ದಿನ, ಕೊನೆಗೆ ಊಟ ಮಾಡಿದ ಹೊತ್ತು, ಹೊಸದಾಗಿ ಬಂದ ಬೆಕ್ಕು, ಅಂಗಡಿಯಲ್ಲಿ ಹಾಕಿದ ಹೊಗೆ ಮದ್ದು ಎಲ್ಲ ಹೇಳಿದರೆ ಡಾಕ್ಟರ ಕೆಲಸ ಅರ್ಧ ಮುಗಿಯುತ್ತದೆ.

ವೈರಸ್ಸನ್ನು ಆಂಟಿಬಯಾಟಿಕ್ ಕೊಲ್ಲುವುದಿಲ್ಲ. ಮೇಲಿಂದ ಸೇರಿಕೊಂಡ ಬ್ಯಾಕ್ಟೀರಿಯಕ್ಕೆಂದು ಡಾಕ್ಟರು ಕೊಡುತ್ತಾರೆ. ಹೆಚ್ಚಾಗಿ ಬರೆಯುವುದು ಡಾಕ್ಸಿಸೈಕ್ಲಿನ್. ಅದನ್ನು ಒಣಗಂಟಲಿಗೆ ತುರುಕಬಾರದು. ಮಾತ್ರೆ ಅನ್ನನಾಳದಲ್ಲಿ ಅಂಟಿ ಅಲ್ಲೇ ಸುಟ್ಟು ಗಾಯವಾಗಿ, ನಾಳವೇ ಕಿರಿದಾಗುತ್ತದೆ. ಮಾತ್ರೆಯ ಬೆನ್ನಿಗೆ ಸಿರಿಂಜಿನಲ್ಲಿ ಐದು ಮಿಲಿ ನೀರು ನಿಧಾನವಾಗಿ ಕುಡಿಸಬೇಕು, ಇಲ್ಲವೇ ಒಂದು ತುತ್ತು ಮೀನು ತಿನ್ನಿಸಬೇಕು. ಹೇಳಿದಷ್ಟು ದಿನ ಮುಗಿಸಬೇಕು. ಮೂರನೇ ದಿನ ಸೀನು ನಿಂತಿತೆಂದು ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ಡ್ರಾವರಿಗೆ ಹಾಕುವುದು ಬೇಡ.

ಬೆಕ್ಕು ಒಂದಕ್ಕಿಂತ ಹೆಚ್ಚಿದ್ದರೆ ಶೀತವಾದದ್ದನ್ನು ಬೇರೆ ಕೋಣೆಯಲ್ಲಿಡಬೇಕು. ಅದರ ತಟ್ಟೆ ಬೇರೆ, ಹಾಸು ಬೇರೆ. ಹರ್ಪಿಸ್ ಹೊರಗೆ ಒಂದು ದಿನದೊಳಗೆ ಸಾಯುತ್ತದೆ. ಕ್ಯಾಲಿಸಿ ವಾರಗಟ್ಟಲೆ ಬದುಕಬಲ್ಲದು, ಬರೀ ಸೋಪಿಗೆ ಬಗ್ಗದು. ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ ನೀರು ಮೂವತ್ತೆರಡು ಪಾಲು ಬೆರೆಸಿ ತಟ್ಟೆ, ನೆಲ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಎರಡೂ ಹೋಗುತ್ತವೆ.

ಲಸಿಕೆಯೂ ಉಂಟು. ಹರ್ಪಿಸ್, ಕ್ಯಾಲಿಸಿ, ಜತೆಗೆ ಮರಿಗಳನ್ನು ಭೇದಿ ವಾಂತಿಯಲ್ಲಿ ಸಾಲಾಗಿ ಕೊಲ್ಲುವ ಪ್ಯಾನ್‌ಲ್ಯುಕೋಪೇನಿಯ, ಈ ಮೂರಕ್ಕೂ ಸೇರಿ ಒಂದೇ ಇಂಜೆಕ್ಷನ್. ಹಾಕಿಸಿದ ಬೆಕ್ಕು ಮುಂದೆ ಸೀನುವುದೇ ಇಲ್ಲವೆಂದಲ್ಲ. ಸೀನಿದರೂ ಹಾಸಿಗೆ ಹಿಡಿಯುವುದಿಲ್ಲ, ಅನ್ನ ಬಿಡುವುದಿಲ್ಲ. ಪೇಟೆಯಲ್ಲಿ ಈ ಲಸಿಕೆ ಎಲ್ಲ ದಿನ ಸಿಗದು. ಡಾಕ್ಟರಲ್ಲಿ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ಮೊದಲನೆಯದು ಮರಿಗೆ ಎಂಟು ವಾರವಾದಾಗ, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವ ತನಕ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸು ಉಚಿತವಾಗಿ ಹಾಕುವ ಶಿಬಿರಗಳು ನಡೆಯುವುದುಂಟು, ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಜೂನ್ ತಿಂಗಳ ಮೊದಲ ಮಳೆಗೆ ಅಂಗಡಿಯ ಹಿಂದೆ ಹುಟ್ಟಿದ ಮರಿಯಾದರೆ ಆಗಸ್ಟ್ ಮೊದಲ ವಾರಕ್ಕೆ ಎಂಟು ವಾರ ತುಂಬುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ, ಚೀಟಿಯ ಕಂತಿನ ಪಕ್ಕದಲ್ಲೇ, ಒಂದು ಗುರುತು ಹಾಕಿಟ್ಟುಕೊಂಡರೆ ಮರೆಯುವುದಿಲ್ಲ.